ಜನರಲ್‌ನ ಚಿತ್ರ ಬರೆದವಳು

ಸೆರೆಮನೆಯ ಸರಳುಗಳಾಚೆ ನಿಂತ ವಿನ್ಸೆಂತಿ ಮೊದಲು ನೋಡಿದ್ದು, ತನ್ನನ್ನು ಕಾಣಲು ಬಂದ ಪ್ರೇಯಸಿ ಒತೀಲಿಯಾಳ ಕೈಗಳನ್ನು. ಉಗುರಂಚಿನಲ್ಲಿ ನೀಲಿ ಬಣ್ಣ ಅಂಟಿತ್ತು.

"ರಷ್ಯನ್ ಸಮವಸ್ತ್ರ ಹಸಿರಲ್ವಾ? ಈ ನೀಲಿ ಎಲ್ಲಿಂದ ಬಂತು?"

"ಜನರಲ್ ಎದೆ ಮೇಲಿನ ಪಟ್ಟಿ."

"ಚೆನ್ನಾಗಿ ಬಂತಾ?"

"ಮೂಗು ಸ್ವಲ್ಪ ದಪ್ಪ ಆಯ್ತು. ಬೇಕಂತಲೇ."

ಬೇರೆ ದಿನವಾಗಿದ್ದರೆ ಅವನು ನಕ್ಕುಬಿಡುತ್ತಿದ್ದ.

"ನನ್ನ ತಮ್ಮನ್ನ ನೇಣಿಗೆ ಹಾಕಿಸಿದವನು ಅವನು!"

"ಗೊತ್ತು. ಆ ಮುಖ ನೋಡ್ತಾನೇ ಕೂತಿದ್ದೆ. ನೋಡದೆ ಬರೆಯೋಕಾಗಲ್ವಲ್ಲ."

ಚಿತ್ರಕ್ಕೆ ಸಂಭಾವನೆಯಾಗಿ ಅವಳು ಕೇಳಿದ್ದು ವಿನ್ಸೆಂತಿಯ ಜೀವ. ಅವನಿಗೆ ನೇಣಿನ ಬದಲು ಸೈಬೀರಿಯಾಕ್ಕೆ ಗಡೀಪಾರು ಸಿಕ್ಕಿತ್ತು.

"ನಿನ್ನ ಯಾರು ಕೇಳಿದ್ರು? ನಾನು ಸಾಯೋಕೆ ಸಿದ್ಧವಾಗಿದ್ದೆ."

"ನಾನು ಸಿದ್ಧವಾಗಿರ್ಲಿಲ್ಲ."

ಅವನು ಬೆನ್ನು ತಿರುಗಿಸಿ ಒಳಗೆ ಹೋಗಿಬಿಟ್ಟ.

ರಷ್ಯನ್ ಆಳ್ವಿಕೆಯ ವಿರುದ್ಧದ ದಂಗೆ ಅಡಗಿ ಇಡೀ ವಾರ್ಸಾ ಕಪ್ಪುಡುಪಿನಲ್ಲಿದ್ದ ಕಾಲ ಅದು. ಊರಿನ ಮದುವಣಗಿತ್ತಿಯರನ್ನೂ ಬಿಷಪ್ಪರನ್ನೂ ಬರೆದು ಹೆಸರು ಮಾಡಿದ್ದ ಒತೀಲಿಯಾಳಿಗೆ ಈಗ ಒಂದು ಬಾಗಿಲೂ ತೆರೆಯಲಿಲ್ಲ. ಅವಳನ್ನು ಕಂಡರೆ ಹೆಂಗಸರು ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದರು. ಅವಳು ಬರೆದಿದ್ದ ವಧುವಿನ ಚಿತ್ರವೊಂದು, ಮುಖ ಚಾಕುವಿನಿಂದ ಸೀಳಿಸಿಕೊಂಡು ಮನೆ ಬಾಗಿಲಿಗೆ ಬಂದು ಬಿದ್ದಿತ್ತು.

ಸೆರೆಮನೆಯ ಪಾದ್ರಿ ಕೇಳಿದರು, "ಜನರಲ್‌ನ ಚಿತ್ರ ಯಾಕೆ ಬರೆದೆ ಅಂತ ಹೇಳಬಾರದೇನಮ್ಮ? ಜನ ಅರ್ಥ ಮಾಡ್ಕೋತಾರೆ."

"ಹೇಳಿದ್ರೆ ವಿನ್ಸೆಂತಿ ಮುಖಕ್ಕೆ ಉಗೀತಾರೆ, ಫಾದರ್. ಶತ್ರು ಹತ್ರ ಜೀವ ಭಿಕ್ಷೆ ತಗೊಂಡ ಅಂತಾರೆ. ನನಗೇ ಉಗೀಲಿ ಬಿಡಿ."

ಪಾದ್ರಿ ಆ ಮಾತನ್ನು ವಿನ್ಸೆಂತಿಗೆ ಮುಟ್ಟಿಸಿದರು. ಅವನು, "ಅವಳನ್ನ ಮದುವೆಯಾಗೋಕೆ ಬಿಡ್ತಾರಾ?" ಎಂದು ಕೇಳಿದ.

ಬಿಟ್ಟರು. ಕಾಲ ಸಂಕೋಲೆ ಮಾತ್ರ ಬಿಚ್ಚಲಿಲ್ಲ. ಸೆರೆಮನೆಯ ಪ್ರಾರ್ಥನಾ ಕೋಣೆಯಲ್ಲಿ ಅವನು ಮಂಡಿಯೂರಿದಾಗ ಪಾದ್ರಿಯ ಪ್ರಾರ್ಥನೆಗಿಂತ ಜೋರಾಗಿ ಸರಪಳಿಯೇ ಸದ್ದು ಮಾಡಿತು.

ಕೈದಿಗಳ ರೈಲು ಹೊರಡುವ ದಿನ ಅವಳು ಒಂದೇ ಒಂದು ಗಂಟಿನೊಂದಿಗೆ ಬೋಗಿ ಹತ್ತಿದಳು. ಬೀಳ್ಕೊಡಲು ಯಾರೂ ಬಂದಿರಲಿಲ್ಲ.

"ಅಲ್ಲಿ ಯಾರ ಚಿತ್ರ ಬರೀತೀಯ? ಕರಡಿಗಳದ್ದಾ?"

"ಅಲ್ಲಾಡದೆ ಕೂತ್ರೆ ಅವನ್ನೂ ಬರೀತೀನಿ."

ಅವನ ತುಟಿಯ ಅಂಚು ಒಂದಿಷ್ಟು ಅರಳಿ, ಹಾಗೇ ಆರಿತು.

"ಒತೀಲಿಯಾ, ನಿನ್ನಷ್ಟು ನಾನು ಯಾರನ್ನೂ ಪ್ರೀತಿಸಿಲ್ಲ. ಆದ್ರೆ ನಿನ್ನ ಕ್ಷಮಿಸೋಕೆ ಇನ್ನೂ ಆಗ್ತಿಲ್ಲ."

"ಬೇಡ ಬಿಡು. ಸ್ವಲ್ಪ ಸರಿ, ಕೂರೋಕೆ ಜಾಗ ಕೊಡು."

ಅವನು ಸರಪಳಿ ಎಳೆದುಕೊಂಡು ಸರಿದ.