ಬಿಳಿ ಬೇರು

ಬಾಗಿಲು ತೆಗೆದ ಕೂಡಲೇ ಲುಂಬಿನಿಯ ಮೂಗಿಗೆ ಕೊಳೆತ ನೀರಿನ ವಾಸನೆ ಬಡಿಯಿತು.

ಶಹಾಬಾದಿನಲ್ಲಿ, ಸೋದರತ್ತೆ ಶಿವಕಾಂತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಅವಳು ಮಣ್ಣಿಲ್ಲದೆ, ಬರೀ ನೀರಿನಲ್ಲಿ ಸೊಪ್ಪು ಬೆಳೆಸುತ್ತಿದ್ದಳು. ಎಲ್‌ಇಡಿ ದೀಪಗಳ ಕೆಳಗೆ ಸಾಲು ಪೈಪುಗಳು, ಅವುಗಳ ತೂತುಗಳಲ್ಲಿ ಲೆಟ್ಯೂಸ್, ಪುದೀನಾ. ನಿನ್ನೆ ಬೆಳಿಗ್ಗೆ ಗೆಳತಿಯ ಮದುವೆಗೆಂದು ಸನ್ನತಿಗೆ ಹೊರಟಾಗ ಎಲ್ಲವೂ ನೆಟ್ಟಗೆ ನಿಂತಿದ್ದವು. ಈಗ ಒದ್ದೆ ಬಟ್ಟೆಯಂತೆ ಜೋತುಬಿದ್ದಿದ್ದವು.

ಟ್ಯಾಂಕಿಗೆ ಕೈಯಿಟ್ಟಳು. ಸ್ನಾನಕ್ಕೆ ಕಾಯಿಸಿದ ಹಾಗಿತ್ತು ನೀರು. ಒಂದು ಗಿಡ ಎತ್ತಿದರೆ, ಬೆಳ್ಳಗಿರಬೇಕಿದ್ದ ಬೇರು ಕಂದುಬಣ್ಣಕ್ಕೆ ತಿರುಗಿ, ಲೋಳೆಯಾಗಿ ಬೆರಳಿಗಂಟಿತು.

ಮೇ ತಿಂಗಳು. ಗೋಡೆಯೂ ಕಲ್ಲು, ಮಾಡಿಗೆ ಹಾಸಿದ್ದೂ ಕಲ್ಲು. ಕರೆಂಟು ಹೋದರೆ ನೀರಿಗೆ ಗಾಳಿ ಊದುವ ಪಂಪು ನಿಂತು ಬೇರಿಗೆ ಉಸಿರು ಕಟ್ಟುತ್ತದೆ. ಅದಕ್ಕೇ ಕೀಲಿ ಕೊಟ್ಟು ಹೇಳಿಹೋಗಿದ್ದಳು: "ಕರೆಂಟ್ ಹೋದ್ರ ಪಂಪು ಬ್ಯಾಟರಿಗೆ ಹಚ್ರಿ. ಟ್ಯಾಂಕಿನಾಗ ಐಸ್ ಬಾಟ್ಲಿ ಇಡ್ರಿ."

ಹೇಳಿದ್ದು ಕಪಿಲನಿಗೆ, ಮಹಡಿಯಲ್ಲಿ ಬಾಡಿಗೆಗಿದ್ದ ವಿಜ್ಞಾನದ ಮೇಷ್ಟ್ರಿಗೆ. ಸಂಜೆಯಾದರೆ ನೀರಿನ ಪಿಎಚ್ ಅಳೆಯುತ್ತೇನೆಂದು ಇಳಿದುಬರುತ್ತಿದ್ದ. ಅಳೆಯುವುದಕ್ಕಿಂತ ಅವಳನ್ನು ನೋಡುವುದೇ ಹೆಚ್ಚು. ಅವಳು ತಿರುಗಿದರೆ ಗಡಬಡಿಸಿ ಮೀಟರನ್ನು ತಲೆಕೆಳಗೆ ಹಿಡಿಯುತ್ತಿದ್ದ.

"ಅತ್ತಿ, ಸರ್ ಬಂದಿದ್ರೇನು?"

"ಮಾಸ್ತರ್ರು ನಿನ್ನೆ ಮುಂಜಾನೆನೇ ಎಲ್ಲೋ ಹೋದ್ರವ್ವ. ಕರೆಂಟು ಇಡೀ ದಿನಾ ಇದ್ದಿಲ್ಲ. ನಂಗ ಆ ವೈರ್ ಮುಟ್ಟಾಕ ಅಂಜಿಕಿ."

ಲುಂಬಿನಿ ಟ್ಯಾಂಕಿನ ಪಕ್ಕ ಕೂತಳು. ಚಿಮ್ಮನಚೋಡದಲ್ಲಿದ್ದ ಅಪ್ಪ ವಿಠೋಬಾ ಹೇಳಿದ್ದರು: "ಸೇಡಂನವರು ರವಿವಾರ ನಿನ್ನ ನೋಡಾಕ ಬರ್ತಾರ. ಅಷ್ಟರಾಗ ನಿನ್ನ ಗಿಡ ಬ್ಯಾಸಗಿ ತಡಕೊಂಡ್ರ ಬ್ಯಾಡಂತ ಹೇಳ್ತೀನಿ. ಇಲ್ಲಂದ್ರ ನೀ ಒಪ್ಕೋಬೇಕು." ಹಟದಲ್ಲಿ ಅವಳೂ ಹೂಂ ಅಂದಿದ್ದಳು.

ಬಾಗಿಲಲ್ಲಿ ಕಪಿಲ ನಿಂತಿದ್ದ.

"ಎಲ್ಲಿ ಹೋಗಿದ್ರಿ?"

"ಕೆಲಸ ಇತ್ತು. ಮಧ್ಯಾಹ್ನದೊಳಗ ಬರ್ತೀನಿ ಅನ್ಕೊಂಡಿದ್ದೆ. ಕೊನಿ ಬಸ್ಸೂ ತಪ್ಪಿತು."

"ಭಾಳ ದೊಡ್ಡ ಕೆಲಸ ಇರಬೇಕು."

ಅವನ ಮುಖ ಇಳಿಯಿತು. "ತಪ್ಪು ನಂದೇ. ಮೊದಲು ಬೇರು ತೊಳಿಯೋಣು. ಆಮ್ಯಾಲ ಬೈರಿ."

ಇಬ್ಬರೂ ಕೊಳೆತ ಬೇರು ಕತ್ತರಿಸಿದರು. ಟ್ಯಾಂಕು, ಪೈಪು ತಿಕ್ಕಿ ತೊಳೆದರು. ಬೋರಿನ ನೀರು ಸುಣ್ಣದ್ದು, ಗಿಡಕ್ಕಾಗದು. ಫಿಲ್ಟರ್ ನೀರು ಹೊತ್ತು ತಂದು, ತಂಪು ಮಾಡಿ, ಗೊಬ್ಬರದ ದ್ರಾವಣವನ್ನು ಅರ್ಧ ಪ್ರಮಾಣದಲ್ಲಷ್ಟೇ ಬೆರೆಸಿದರು. ತಂಪು ನೀರೊಳಗೆ ಅವನ ಬೆರಳು ಅವಳ ಬೆರಳಿಗೆ ತಾಗಿತು. ಅವಳು ಕೈ ಎಳೆದುಕೊಂಡಳು, ಆದರೆ ಒಂದು ಗಳಿಗೆ ತಡವಾಗಿ.

ಮರುದಿನವೂ ಎಲೆ ಏಳಲಿಲ್ಲ. ಅಪ್ಪನ ಫೋನು ಬಂತು.

"ಆ ಮಾಸ್ತರ ನೆಟ್ಟಗ ಊರು ಮುಟ್ಟಿದನೇನು?"

"ಯಾವ ಮಾಸ್ತರ?"

"ನಿನ್ನ ಕೇಳಾಕ ಬಂದಿದ್ದನಲ್ಲ! ನಾ ಹೊಲದಿಂದ ಬರೋತನಕ ಬಿಸಿಲಾಗ ಅಂಗಳದಾಗ ಕುಂತಾನ. ಅಕಿನ್ನ ಕೇಳಿಯೇನಪಾ ಅಂದೆ. ಬಾಯೇ ಬಿಡಲಿಲ್ಲ."

ಲುಂಬಿನಿ ಮೆಟ್ಟಿಲು ಹತ್ತಿ ಹೋಗಿ ಅವನ ಬಾಗಿಲು ಬಡಿದಳು.

"ನನ್ನ ಕೇಳಲಾರದೇ ನಮ್ಮಪ್ಪನ ಹಂತ್ಯಾಕ ಹೋದ್ರಿ?"

ಕಪಿಲನ ಮುಖ ಬಿಳಿಚಿತು. "ಸೇಡಂನವರು ಬರ್ತಾರಂತ ನಿಮ್ಮತ್ತಿ ಅಂದ್ರು. ಅಂಜಿದೆ."

"ಯಾರಿಗಿ?"

"ನಿಮಗ. ನೀವು ಬ್ಯಾಡ ಅಂದ್ರ ಸಂಜೀಕ ಆ ಕೋಣಿಗಿ ಬರೋದೂ ನಿಲ್ತದ."

ಅವಳ ಸಿಟ್ಟು ಇಳಿಯಲಿಲ್ಲ. ಎದೆಯೊಳಗೆ ಬೇರೇನೋ ಮಾತ್ರ ಹತೋಟಿ ತಪ್ಪಿತು. "ಲಗ್ನ ನಂದು. ಕೇಳೋದು ನನಗ, ಹೇಳೋದು ನಾ. ಈಗ ಕೇಳಬ್ಯಾಡ್ರಿ. ಗಿಡ ಬದುಕಲಿ."

"ಬದುಕಲಿಲ್ಲಂದ್ರ?"

ಅವಳು ಮೆಟ್ಟಿಲಿಳಿದು ಹೋದಳು.

ಮುಂದಿನ ದಿನಗಳಲ್ಲಿ ಇಬ್ಬರ ನಡುವೆ ಕೆಲಸವೊಂದೇ. ಕರಗಿದ ಬಾಟ್ಲಿ ತೆಗೆದು ಹೊಸ ಐಸಿನದು ಇಡುವುದು, ಪಂಪಿನ ಸದ್ದು ಕೇಳುವುದು, ಅಷ್ಟೇ. ಅವಳು ಬಗ್ಗಿದಾಗ ಅವನ ಕಣ್ಣು ಅವಳ ಕೊರಳ ಮೇಲೆ ಇಳಿಯುತ್ತಿತ್ತು, ಅವಳಿಗೆ ಗೊತ್ತಾಗುತ್ತಿತ್ತು, ಗೊತ್ತಾಗದವಳಂತೆ ಜಡೆಯನ್ನು ಮುಂದಕ್ಕೆಳೆದುಕೊಳ್ಳುತ್ತಿದ್ದಳು. ಲೆಟ್ಯೂಸ್ ಒಂದೂ ಉಳಿಯಲಿಲ್ಲ. ಅವನ್ನು ಬುಟ್ಟಿಗೆ ಸುರಿಯುವಾಗ ಅವಳು ಅತ್ತಳು. ಅವನು ಬುಟ್ಟಿ ಹಿಡಿದು ನಿಂತ.

ಶನಿವಾರ ಮುಂಜಾನೆ ಪುದೀನಾದ ಬುಡದಲ್ಲಿ ದಾರದಷ್ಟು ಸಣ್ಣ, ಅಚ್ಚ ಬಿಳಿಯ ಬೇರು ಕಂಡವು. ಒಂದರಲ್ಲಲ್ಲ, ಇಡೀ ಸಾಲಿನಲ್ಲಿ. ಲುಂಬಿನಿ ಗಿಡವನ್ನು ಮೆಲ್ಲಗೆ ಇಳಿಸಿ ಫೋನು ಹಚ್ಚಿದಳು.

"ಅಪ್ಪಾ, ಅರ್ಧ ಸೋತೀನಿ. ಲೆಟ್ಯೂಸ್ ಎಲ್ಲಾ ಹೋತು, ಪುದೀನಾ ಉಳದಾವ. ಆದ್ರೂ ಸೇಡಂನವರಿಗಿ ಬರಬ್ಯಾಡ ಅಂತ ಹೇಳು."

"ಯಾಕವ್ವ?"

"ನಂಗ ಇಲ್ಲೊಬ್ರು ಬೇಕಾಗ್ಯಾರ."

ಐಸ್ ಬಾಟ್ಲಿ ಹಿಡಿದು ಆಗಷ್ಟೇ ಒಳಗೆ ಕಾಲಿಟ್ಟಿದ್ದ ಕಪಿಲ ಹೊಸ್ತಿಲಲ್ಲೇ ನಿಂತುಬಿಟ್ಟ.

ಅಪ್ಪ, "ಅಂವ ನಿನ್ನ ಕೇಳಿದನೇನು?" ಅಂದರು.

"ಇನ್ನಾ ಇಲ್ಲ." ಲುಂಬಿನಿ ಕಪಿಲನ ಕಡೆ ತಿರುಗಿ, ಸ್ಪೀಕರ್ ಒತ್ತಿ, ಫೋನನ್ನು ಇಬ್ಬರ ನಡುವೆ ಹಿಡಿದಳು. "ಇಲ್ಲೇ ನಿಂತಾರ. ಈಗ ಕೇಳ್ತಾರ, ತಡಿ."