ಅವಳೊಬ್ಬಳ ಕಚೇರಿ

"ನಿಮ್ಮ ತಂಡದವರು ಇನ್ನೂ ಬಂದಿಲ್ವಾ?"

ಉದ್ದನೆಯ ಮೇಜಿನ ಆ ಬದಿಯಲ್ಲಿ ಏಳು ಜನ ವಕೀಲರು. ಈ ಬದಿಯಲ್ಲಿ ಅವಳೊಬ್ಬಳು, ಪಕ್ಕದಲ್ಲಿ ಅವಳ ಕಕ್ಷಿದಾರೆ... ಮಡಚಿಡುವಂಥ ಗಾಲಿಕುರ್ಚಿಯನ್ನು ಕೈಯಾರೆ ರೂಪಿಸಿದ ಎಂಜಿನಿಯರಮ್ಮ. ಆಕೆಯ ಪುಟ್ಟ ಕಂಪನಿಯನ್ನು ಕೊಳ್ಳಲು ದೊಡ್ಡ ಕಂಪನಿಯೊಂದು ಮುಂದೆ ಬಂದಿತ್ತು.

"ಬಂದಾಯ್ತು. ನಾನೇ ತಂಡ!" ಎಂದಳು ಅವಳು, ಫೈಲು ಬಿಚ್ಚುತ್ತಾ.

ಆ ಬದಿಯಲ್ಲಿ ಯಾರೋ ಕಿಸಕ್ಕೆಂದರು. ಪ್ರಶ್ನೆ ಕೇಳಿದವನು ಮಾತ್ರ ನಗಲಿಲ್ಲ. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಆತ ಅವಳನ್ನೇ ನೋಡಿದ.

'ಏನು ನೋಟ ಇದು? ಅಳೀತಾ ಇದ್ದಾನಾ ನನ್ನ?' ಅವಳು ಫೈಲಿನ ಪುಟ ತಿರುವಿದಳು.

"ಮೂವತ್ತೊಂದನೇ ಪುಟ. ಕೊನೆಯ ಸಾಲು. ಇವರು ಮುಂದೆ ಯಾವತ್ತು ಏನೇ ಕಂಡುಹಿಡಿದ್ರೂ ಅದು ನಿಮ್ಮದೇ ಅಂತ ಬರ್ಕೊಂಡಿದ್ದೀರಿ. ಕುರ್ಚಿ ಕೊಳ್ತಾ ಇದ್ದೀರೋ, ಇವರ ತಲೆಯನ್ನೇ ಕೊಳ್ತಾ ಇದ್ದೀರೋ?"

ಎಂಜಿನಿಯರಮ್ಮನ ಮುಖ ಬಿಳಿಚಿಕೊಂಡಿತು. ಆ ಏಳು ಜನ ಪುಟ ತಿರುವಿದರು. ಎರಡು ಗಂಟೆ ವಾದ ನಡೆಯಿತು. ಅವಳು ಒಂದು ಅಕ್ಷರವೂ ಹಿಂದೆ ಸರಿಯಲಿಲ್ಲ.

ಕೊನೆಗೆ ಆತನೇ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಆ ಸಾಲನ್ನು ಹೊಡೆದುಹಾಕಿದ.

ಲಿಫ್ಟಿನ ಬಳಿ ಸಿಕ್ಕಾಗ ಮೆಲ್ಲಗೆ ಹೇಳಿದ, "ಇವತ್ತು ಸೋತೆ. ಆದ್ರೆ ಯಾಕೋ ಬೇಜಾರೇ ಆಗ್ತಿಲ್ಲ..."

ಅವಳ ಕೆನ್ನೆ ಬಿಸಿಯಾಯಿತು. ಲಿಫ್ಟಿನ ಬಾಗಿಲು ಮುಚ್ಚಿಕೊಂಡಿದ್ದೇ ಪುಣ್ಯ!

ಅದಕ್ಕೂ ಮುಂಚೆ ಒಂಬತ್ತು ವರ್ಷ ಬೇರೊಂದು ದೊಡ್ಡ ವಕೀಲರ ಸಂಸ್ಥೆಯಲ್ಲಿ ದುಡಿದವಳು ಅವಳು. ಒಪ್ಪಂದ ಬರೆಯುವುದು ಅವಳು, ಸಹಿಯ ದಿನ ಫೋಟೋದಲ್ಲಿ ನಗುವುದು ಬೇರೆಯವರು. ಒಂದು ದಿನ ಸಾಕು ಅನ್ನಿಸಿತು. ಕನ್ನಡಕದ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ ಹಿಡಿದಳು. ಒಂದು ಮೇಜು, ಮೂರು ಕುರ್ಚಿ, ಪೂರ್ತಿ ಮುಚ್ಚದ ಒಂದು ಕಿಟಕಿ.

"ತಲೆ ಕೆಟ್ಟಿದ್ಯಾ ನಿಂಗೆ? ಕಂಪನಿ ಕೆಲಸ ಒಬ್ಬಳ ಕೈಲಾಗತ್ತಾ?" ಎಂದು ಅಣ್ಣ ಕೂಗಾಡಿದ್ದ.

ಅಪ್ಪ ಮಾತ್ರ ಅವಳ ಪರ. ಅಚ್ಚುಕೂಟದಲ್ಲಿ ಮೂವತ್ತು ವರ್ಷ ಕರಡು ತಿದ್ದಿದವರು. "ಅವಳು ಓದೋ ಹಾಗೆ ಯಾರು ಓದ್ತಾರೆ ಹೇಳು? ಬಿಡು ಅವಳನ್ನ," ಎಂದಿದ್ದರು.

ಮೊದಲ ನಾಲ್ಕು ತಿಂಗಳು ಮೆಟ್ಟಿಲು ಹತ್ತಿ ಬಂದವರೆಲ್ಲ ಕನ್ನಡಕ ಕೇಳಿಕೊಂಡು ಬಂದವರೇ! ಆಮೇಲೆ ಎಂಜಿನಿಯರಮ್ಮ ಬಂದಳು. ಅವಳ ಬಾಯಿಂದ ಸುದ್ದಿ ಹರಡಿತು. ಒಬ್ಬರ ಹಿಂದೆ ಒಬ್ಬರು ಬಂದರು.

ಪೆನ್ಸಿಲಿನವನೂ ಬಂದ. ಮೊದಲು ಯಾವುದೋ ಕಾಗದದ ನೆಪ, ಆಮೇಲೆ ನೆಪವೇ ಇಲ್ಲ. ಸಂಜೆ ಇಬ್ಬರೂ ನದಿಯ ಸೇತುವೆಯವರೆಗೆ ನಡೆಯುತ್ತಿದ್ದರು. ಅವನು ಪಕ್ಕದಲ್ಲಿದ್ದರೆ ದಾರಿ ಯಾಕೆ ಇಷ್ಟು ಬೇಗ ಮುಗಿಯುತ್ತದೆ ಎಂದು ಅವಳಿಗೆ ಅಚ್ಚರಿ.

"ಲಾಯರಮ್ಮ, ಇವತ್ತೂ ಆ ಪೆನ್ಸಿಲ್ ಸಾಹೇಬರು ಸಿಕ್ಕಿದ್ರಾ?" ಅಮ್ಮನ ಕೀಟಲೆ.

"ಅಮ್ಮಾ...!"

ಹೀಗಿರುವಾಗ ಒಂದು ಮಧ್ಯಾಹ್ನ, ಗಾಜಿನ ಕಾರ್ಖಾನೆಯ ಒಡತಿ ಫೋನಿನಲ್ಲಿ ಮಾತಿಗೆ ಮಾತು ಬಂದು ಹೇಳಿದರು, "ನಿಮ್ಮ ಹೆಸರು ಹೇಳಿದ್ದೇ ಒಂದು ದೊಡ್ಡ ಸಂಸ್ಥೆಯ ಲಾಯರು, ಕಿವಿ ಮೇಲೆ ಪೆನ್ಸಿಲ್ ಇಟ್ಕೊಂಡಿರ್ತಾರಲ್ಲ, ಅವರು. ಒಬ್ಬರೇ ಕಚೇರಿ ನಡೆಸ್ತಾರೆ, ಅವರ ಹತ್ರ ಹೋಗಿ ಅಂದ್ರು."

ಅವಳ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು.

ಗಾಜಿನ ಕಾರ್ಖಾನೆ ಅವಳ ಅತಿ ದೊಡ್ಡ ಕಕ್ಷಿದಾರ. ರಾತ್ರಿ ಹಗಲು ಹೆಮ್ಮೆಪಟ್ಟಿದ್ದಳು ಅದರ ಬಗ್ಗೆ. 'ಹಾಗಾದ್ರೆ ಅದು ನನ್ನ ದುಡಿಮೆ ಅಲ್ವಾ? ಅವನ ಕರುಣೆಯಾ?'

ಅಂದು ಸಂಜೆ ಸೇತುವೆಯ ಬಳಿ ಅವಳು ನೇರ ಕೇಳಿದಳು. "ಗಾಜಿನ ಕಾರ್ಖಾನೆಯವರನ್ನ ನನ್ನ ಹತ್ರ ಕಳಿಸಿದ್ದು ನೀವಾ?"

"ಹೌದು, ಆದ್ರೆ..."

"ಪಾಪ, ಒಬ್ಬಳೇ ಒದ್ದಾಡ್ತಿದ್ದಾಳೆ ಅಂತಾನಾ?"

"ಅಯ್ಯೋ, ಕೇಳಿ ಇಲ್ಲಿ..."

"ಬೇಡ! ನಿಮ್ಮ ದಯೆಯನ್ನ ನನ್ನ ಬಾಗಿಲಿಗೆ ಕಳಿಸ್ಬೇಡಿ. ನೀವೂ ಬರ್ಬೇಡಿ."

ಅವನು ತಲೆ ತಗ್ಗಿಸಿ ಹೊರಟುಹೋದ.

ಎರಡು ತಿಂಗಳು ಅವಳು ಗಾಣದೆತ್ತಿನಂತೆ ದುಡಿದಳು. ಗಾಜಿನ ಕಾರ್ಖಾನೆಗೂ ಹೊರದೇಶದ ಕಂಪನಿಗೂ ನಡುವಿನ ಒಪ್ಪಂದ, ನೂರಾ ಎಂಬತ್ತು ಪುಟ, ಅವಳೊಬ್ಬಳೇ ಬರೆದಳು. ಸಹಿಯ ದಿನ ಆ ಕಡೆಯ ಹಿರಿಯ ವಕೀಲರು ಎದ್ದು ನಿಂತು ಅವಳ ಕೈಕುಲುಕಿದರು. ಅವಳ ಕಣ್ಣು ಮಾತ್ರ ಬಾಗಿಲಿನತ್ತ... ಯಾರನ್ನು ಹುಡುಕುತ್ತಿತ್ತು ಅದು?

"ಯಾಕ್ರೀ ಇಷ್ಟು ಸಪ್ಪಗಿದ್ದೀರಿ?" ಒಡತಿ ಪಕ್ಕಕ್ಕೆ ಬಂದರು. "ಒಂದು ಮಾತು ಹೇಳ್ತೀನಿ. ನಾನು ಮೊದಲು ಹೋಗಿದ್ದು ಆ ದೊಡ್ಡ ಸಂಸ್ಥೆಗೇ. ಕೆಲಸ ಕೊಡೋಕೆ ಮುಂಚೆ ಆ ಲಾಯರನ್ನ ಕೇಳ್ದೆ, 'ಎದುರಿಗೆ ಯಾರು ಕೂತ್ರೆ ನಿಮಗೆ ಭಯ?' ಅಂತ. ಒಂದು ಕ್ಷಣಾನೂ ಯೋಚಿಸ್ಲಿಲ್ಲ ಆತ, ನಿಮ್ಮ ಹೆಸರು ಹೇಳಿದ್ರು. ಹಾಗಿದ್ರೆ ಅವರ ಹತ್ರಾನೇ ಹೋಗ್ತೀನಿ ಅಂದೆ. ಅದಕ್ಕೆ ಆತ, 'ಹೋಗಿ, ಒಬ್ಬರೇ ಕಚೇರಿ ನಡೆಸ್ತಾರೆ, ಏಳು ಜನಕ್ಕೆ ಸಮ' ಅಂದ್ರು. ಕೈಗೆ ಬಂದ ಕೆಲಸ ಬಿಟ್ಟಿದ್ದಕ್ಕೆ ಅವರ ಮೇಲಿನವರು ಚೆನ್ನಾಗಿ ಬೈದ್ರಂತೆ."

ಅವಳು ಬ್ಯಾಗು ಎತ್ತಿಕೊಂಡು ಬಾಗಿಲಿನತ್ತ ನಡೆದಳು.

'ಭಯ... ದಯೆ ಅಲ್ಲ! ಪೂರ್ತಿ ಕೇಳದೇ ತೀರ್ಪು ಕೊಟ್ಟುಬಿಟ್ನಲ್ಲ ನಾನು!'

ಅವನ ಸಂಸ್ಥೆಯ ಹದಿಮೂರನೇ ಮಹಡಿ. ಗಾಜಿನ ಗೋಡೆಗಳ ಸಾಲು ಸಾಲು ಕೋಣೆಗಳು. ಕೊನೆಯ ಕೋಣೆಯಲ್ಲಿ ಅವನು ಕಾಗದಗಳ ರಾಶಿಯಲ್ಲಿ ಮುಳುಗಿದ್ದ. ಅವಳನ್ನು ಕಂಡು ಧಡಕ್ಕನೆ ಎದ್ದ.

"ನೀವು... ಇಲ್ಲಿ?"

"ಕ್ಷಮೆ ಕೇಳೋಕೆ ಬಂದೆ. ಅಭ್ಯಾಸ ಇಲ್ಲ, ತಪ್ಪಾದ್ರೆ ತಿದ್ದಿ." ಅವಳು ಮೇಜಿನ ಹತ್ತಿರ ಬಂದಳು. "ನೀವು ನನ್ನ ಮೇಲೆ ಕನಿಕರಪಟ್ರಿ ಅಂದ್ಕೊಂಡೆ. ನೀವು ಗೌರವ ಕೊಟ್ಟಿದ್ರಿ. ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಿಟ್ರಾ ನೀವು?" ಅವನು ನಕ್ಕ. ಆಮೇಲೆ ಗಂಭೀರನಾದ. "ಅಷ್ಟೇ ಅಲ್ಲ. ಹೇಳಿದ್ರೆ ಅದೊಂದು ಉಪಕಾರ ಅನ್ನಿಸ್ಬಿಡತ್ತೆ ಅಂತ ಹೆದರಿದೆ. ನೀವು ಕಟ್ಟಿದ್ದು ನಿಮ್ಮದು. ಅದರಲ್ಲಿ ನನ್ನದು ಒಂದು ಇಟ್ಟಿಗೆಯೂ ಇಲ್ಲ."

ಅವಳ ಕಣ್ಣು ತುಂಬಿತು. ಹೆಮ್ಮೆಗೂ ಅಳು ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ನಿಮ್ಮನ್ನ ಪ್ರೀತಿಸ್ತೀನಿ," ಎಂದ ಅವನು, ತಡವರಿಸುತ್ತಾ. "ನೀವು ಒಂಟಿ ಅಂತ ಅಲ್ಲ. ಒಬ್ಬರೇ ಅಷ್ಟು ನೆಟ್ಟಗೆ ನಿಲ್ತೀರಲ್ಲ... ಅದಕ್ಕೆ."

ಅವಳು ಕಣ್ಣೊರೆಸಿಕೊಂಡು ತಲೆಯೆತ್ತಿದಳು.

"ಕಚೇರಿ ನನ್ನೊಬ್ಬಳದೇ. ಅದು ಹಾಗೇ ಇರತ್ತೆ."

"ಇರ್ಲಿ. ಇರ್ಲೇಬೇಕು."

"ಬೋರ್ಡಿನ ಮೇಲೆ ಇನ್ನೊಂದು ಹೆಸರು ಬರಲ್ಲ."

"ಬರೋದು ಬೇಡ." ಅವನ ದನಿ ಇಳಿಯಿತು. "ಮತ್ತೆ... ಬದುಕಿನಲ್ಲಿ?"

ಅವಳು ಅವನ ಕೈ ಹಿಡಿದಳು. ಗಾಜಿನ ಗೋಡೆಯಾಚೆ ಇಡೀ ಕಚೇರಿ ನೋಡುತ್ತಿತ್ತು. ನೋಡಲಿ ಬಿಡಿ!

"ಅಲ್ಲಿ ಜಾಗ ಇದೆ," ಎಂದಳು ಮೆಲ್ಲಗೆ. "ಒಬ್ಬರಿಗೆ ಮಾತ್ರ."