ಐವತ್ತು ಹೆಜ್ಜೆ ದೂರದ ಗುಂಡಿ

“ಹತ್ತು!”

ಗಿರಗಿಟ್ಲೆ ಬೀದಿಯ ಮಧ್ಯೆ ನಿಂತು ಕೂಗಿದಳು. ಬೆಂಕಿಪೊಟ್ಟಣದಷ್ಟು ಪುಟ್ಟ ಕಪ್ಪು ರಿಮೋಟ್ ಅವಳ ಅಂಗೈಯಲ್ಲಿತ್ತು. ಅದರ ಗುಂಡಿಯನ್ನು ಒತ್ತಿದಳು.

ಅಂಗಡಿಯ ಒಳಗೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂತಿತ್ತು. ಯಾರ ಕೈಯೂ ಅದಕ್ಕೆ ತಾಗಿರಲಿಲ್ಲ. ಆದರೂ ಅದು ‘ಕ್ಲಿಕ್’ ಎಂದಿತು.

“ಬಂತು!” ಎಂದು ಅಪ್ಪ ಒಳಗಿನಿಂದ ಕೂಗಿದರು.

“ಹನ್ನೊಂದು!”

“ಬಂತು!”

ಗಿರಗಿಟ್ಲೆ ಎಂಬುದು ಅವಳ ಶಾಲೆಯ ಹೆಸರಲ್ಲ. ಒಂದು ಕಡೆ ಒಂದು ನಿಮಿಷವೂ ನಿಲ್ಲದ ಐದನೇ ಕ್ಲಾಸಿನ ಈ ಹುಡುಗಿಗೆ ಬೀದಿಯವರು ಇಟ್ಟ ಹೆಸರು. ಇವತ್ತಂತೂ ಅವಳ ಕಾಲು ನೆಲದ ಮೇಲೆಯೇ ಇರಲಿಲ್ಲ. ಅಪ್ಪ ಮೊದಲ ಸಲ ಅವಳಿಗೆ ಅಂಗಡಿಯ ಕೆಲಸ ಕೊಟ್ಟಿದ್ದರು.

ಅಪ್ಪನದು ಕ್ಯಾಮೆರಾ ರಿಪೇರಿ ಅಂಗಡಿ. ಒಳಗೆ ಇಬ್ಬರು ಕೂತರೆ ಮೂರನೆಯವರು ಹೊಟ್ಟೆ ಒಳಗೆಳೆದುಕೊಂಡೇ ಬರಬೇಕು. ಅಷ್ಟೇ ಜಾಗ. ಅಪ್ಪ ಯಾವ ಕ್ಯಾಮೆರಾ ಬಿಚ್ಚುವ ಮೊದಲೂ ಕೈ ತೊಳೆದು, ಒಂದು ಕ್ಷಣ ಕಣ್ಣು ಮುಚ್ಚಿ ಕೈಮುಗಿಯುತ್ತಿದ್ದರು. ಆಮೇಲೆ ಸಾಸಿವೆಯಂಥ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು ತಟ್ಟೆಯಲ್ಲಿಡುತ್ತಿದ್ದರು.

ಈ ರಿಮೋಟ್ ಹಕ್ಕಿ ಮೇಡಂ ಅವರದು. ಸದಾ ಹಕ್ಕಿಗಳ ಹಿಂದೆಯೇ ಸುತ್ತುವ ಅವರು ನಿನ್ನೆ ಓಡಿಬಂದಿದ್ದರು.

“ಹಳೇ ನೀರಿನ ಟ್ಯಾಂಕಿನ ಗೋಡೆಯಲ್ಲಿ ಗೂಬೆ ಮರಿ ಮಾಡಿದೆ. ಹತ್ತಿರ ಯಾರಾದ್ರೂ ಇದ್ರೆ ತಾಯಿ ಗೂಡಿಗೆ ಬರೋದೇ ಇಲ್ಲ. ಪಾಪ, ಮರಿ ಹಸಿದುಕೊಂಡು ಕೂತಿರ್ತವೆ. ಅದಕ್ಕೇ ಕ್ಯಾಮೆರಾ ಅಲ್ಲಿಟ್ಟು, ನಾನು ಐವತ್ತು ಹೆಜ್ಜೆ ಆಚೆ ಕೂತು ಗುಂಡಿ ಒತ್ತಬೇಕು. ಈ ರಿಮೋಟ್ ನೋಡಿದ್ರೆ ಮೂರು ಹೆಜ್ಜೆಗೇ ಸುಸ್ತಾಗ್ತಿದೆ. ನಾಳೆ ಸಂಜೆ ಬಿಟ್ರೆ ಮರಿಗಳು ಹಾರಿಹೋಗ್ತವೆ. ಆಗತ್ತಾ ನಿಮ್ಮ ಕೈಲಿ?”

“ನಾಳೆ ನಾಲ್ಕು ಗಂಟೆಗೆ ಬನ್ನಿ ಮೇಡಂ,” ಎಂದಿದ್ದರು ಅಪ್ಪ.

ಅದನ್ನು ಕೇಳಿ ಗಿರಗಿಟ್ಲೆಗೆ ಹೋದ ಜೀವ ಬಂದಂತಾಗಿತ್ತು. ಏಕೆಂದರೆ ಈಚೆಗೆ ಅಪ್ಪ ಬಂದ ಕ್ಯಾಮೆರಾಗಳನ್ನು ಹಾಗೇ ವಾಪಸು ಕೊಟ್ಟುಬಿಡುತ್ತಿದ್ದರು. “ಇದು ಆಗಲ್ಲ ಬಿಡಿ,” ಎನ್ನುತ್ತಿದ್ದರು. ಹೋದ ವಾರ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗ ಎಲ್ಲರ ಎದುರಿಗೇ ಅಂದಿದ್ದ: “ನಿಮ್ಮಪ್ಪಂಗೆ ರಿಪೇರಿ ಮರೆತುಹೋಗಿದೆಯಂತೆ ಕಣೇ! ನಮ್ಮಣ್ಣ ಹೇಳ್ದ.”

ಅವಳು ಅವನ ಪೆನ್ಸಿಲ್ ಮುರಿದು ಟೀಚರ್ ಹತ್ತಿರ ಬೈಸಿಕೊಂಡಿದ್ದಳು. ಆದರೆ ಮಾತು ಮಾತ್ರ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು. ಇವತ್ತು ಈ ರಿಮೋಟ್ ಐವತ್ತು ಹೆಜ್ಜೆ ಕೆಲಸ ಮಾಡಲಿ, ಆಮೇಲೆ ನೋಡಿಕೊಳ್ಳುತ್ತೇನೆ ಅವನನ್ನು!

“ಇಪ್ಪತ್ತು!”

“ಬಂತು!”

ಪಕ್ಕದ ಅಂಗಡಿಯ ಟೈಲರ್ ಅತ್ತೆ ಬಾಗಿಲಲ್ಲಿ ಇಣುಕಿದರು. “ಏನೇ ಅದು ಕೈಯಲ್ಲಿ? ಒತ್ತಿದ್ರೆ ನಮ್ಮಂಗಡಿ ಹಾರಿಹೋಗಲ್ಲ ತಾನೇ?”

“ರಿಮೋಟ್ ಅತ್ತೆ! ಇಲ್ಲಿ ಒತ್ತಿದ್ರೆ ಅಲ್ಲಿ ಫೋಟೋ ಬರತ್ತೆ!”

“ಹಂಗಾದ್ರೆ ಇಲ್ಲಿ ಒತ್ತಿದ್ರೆ ಅಲ್ಲಿ ಬ್ಲೌಸ್ ಹೊಲಿಯೋ ಥರದ್ದು ಒಂದು ತಂದ್ಕೊಡೇ ನಂಗೆ.”

ಗಿರಗಿಟ್ಲೆ ನಗುತ್ತಾ ಮುಂದೆ ಹೋದಳು. ಇಪ್ಪತ್ತನಾಲ್ಕು. ಬಂತು. ಇಪ್ಪತ್ತೈದು. ಬಂತು. ಇಪ್ಪತ್ತಾರು.

ಒಳಗಿನಿಂದ ಸದ್ದಿಲ್ಲ.

ಮತ್ತೆ ಒತ್ತಿದಳು. ರಿಮೋಟಿನ ಕೆಂಪು ದೀಪ ಮಿನುಗಿತು. ಅಪ್ಪನ ದನಿ ಮಾತ್ರ ಬರಲಿಲ್ಲ. ಒಂದು ಹೆಜ್ಜೆ ಹಿಂದೆ ಬಂದು ಒತ್ತಿದಳು. “ಬಂತು!” ಒಂದು ಹೆಜ್ಜೆ ಮುಂದೆ ಹೋದರೆ ಮತ್ತೆ ಮೌನ.

ಅವಳು ಒಳಗೆ ಓಡಿದಳು. ಅಪ್ಪ ರಿಮೋಟಿನ ಹೊಸ ಸೆಲ್ಲನ್ನೂ ತೆಗೆದು ಇನ್ನೊಂದು ಹಾಕಿಕೊಟ್ಟರು. ಇಪ್ಪತ್ತಾರಕ್ಕೆ ಮತ್ತೆ ಅದೇ ಕತೆ. ಗೋಡೆಯ ಗಡಿಯಾರದಲ್ಲಿ ಮೂರೂಕಾಲು.

ಅಪ್ಪ ರಿಮೋಟನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಹತ್ತಿರ ತಂದರು. ಕೈಚಾಚಿ ದೂರ ಹಿಡಿದರು. ಕೊನೆಗೆ ಮೇಜಿನ ಮೇಲಿಟ್ಟು ನಿಟ್ಟುಸಿರುಬಿಟ್ಟರು.

“ಎಲ್ಲ ಸರಿಯಾಗೇ ಇದೆ. ಆದ್ರೂ ಹೋಗ್ತಿಲ್ಲ. ಆಗಲ್ಲ ಅಂತ ಮೇಡಂಗೆ ಫೋನ್ ಮಾಡಿಬಿಡ್ತೀನಿ. ನೀನು ಅಷ್ಟರಲ್ಲಿ ಕ್ಯಾಮೆರಾದಲ್ಲಿ ನಮ್ಮ ಟೆಸ್ಟ್ ಫೋಟೋ ಎಲ್ಲ ಡಿಲೀಟ್ ಮಾಡು ಪುಟ್ಟಾ. ಬೇರೆಯವರ ಕ್ಯಾಮೆರಾದಲ್ಲಿ ನಮ್ಮ ಕಸ ಇರಬಾರ್ದು.”

ಆಗಲ್ಲ. ಮತ್ತದೇ ಮಾತು! ಗಿರಗಿಟ್ಲೆಗೆ ಅಳು ಉಕ್ಕಿಬಂತು. ಅವಳು ಅಪ್ಪನಿಗೆ ಬೆನ್ನು ಮಾಡಿ ಕ್ಯಾಮೆರಾದ ಪರದೆಯಲ್ಲಿ ಒಂದೊಂದೇ ಫೋಟೋ ನೋಡತೊಡಗಿದಳು.

ಅಂಗಡಿ ಅಷ್ಟು ಚಿಕ್ಕದಲ್ಲವೇ? ಕ್ಯಾಮೆರಾಗೆ ಅಪ್ಪನ ಮೇಜು ಬಿಟ್ಟರೆ ನೋಡಲು ಬೇರೇನೂ ಇರಲಿಲ್ಲ. ಎಲ್ಲ ಫೋಟೋಗಳಲ್ಲೂ ಅಪ್ಪನೇ. ಮೊದಲನೆಯದರಲ್ಲಿ ಅಪ್ಪ ಹೆಬ್ಬೆರಳೆತ್ತಿ ನಗುತ್ತಿದ್ದರು. ಡಿಲೀಟ್. ಆಮೇಲಿನವುಗಳಲ್ಲಿ ಬೇರೆ ಯಾವುದೋ ಕ್ಯಾಮೆರಾದ ಮೇಲೆ ಬಗ್ಗಿ ಕೂತಿದ್ದರು. ಡಿಲೀಟ್, ಡಿಲೀಟ್.

ಹದಿನಾಲ್ಕನೆಯ ಫೋಟೋದಲ್ಲಿ ಅವಳ ಬೆರಳು ನಿಂತಿತು.

ಅಪ್ಪ ಮೇಜಿನ ಮೇಲೆ ಏನನ್ನೋ ಹುಡುಕುತ್ತಿದ್ದರು. ಕತ್ತಲೆಯಲ್ಲಿ ಹುಡುಕುವವರ ಹಾಗೆ, ಅಂಗೈಯಿಂದ ಸವರಿ ಸವರಿ. ಹದಿನೈದು, ಹದಿನಾರು, ಹದಿನೇಳರಲ್ಲೂ ಹಾಗೇ. ಅವಳು ಫೋಟೋವನ್ನು ದೊಡ್ಡದು ಮಾಡಿದಳು. ಒಂದು ಸ್ಕ್ರೂ ಅಪ್ಪನ ಎಡ ಮೊಣಕೈ ಪಕ್ಕದಲ್ಲೇ ಬಿದ್ದು ಪಳಪಳ ಹೊಳೆಯುತ್ತಿತ್ತು. ಅಪ್ಪ ಅದನ್ನೇ ನೋಡುತ್ತಿದ್ದರು. ಆದರೆ ಅದು ಅವರಿಗೆ ಕಂಡಿರಲಿಲ್ಲ.

ಇಪ್ಪತ್ತೊಂದನೆಯದರಲ್ಲಿ ಅಪ್ಪ ಕಣ್ಣು ಮುಚ್ಚಿ, ರೆಪ್ಪೆಗಳನ್ನು ಎರಡು ಬೆರಳಿನಿಂದ ಒತ್ತಿಕೊಂಡು ಕೂತಿದ್ದರು. ಅಂಥ ಮುಖವನ್ನು ಅವಳು ಎಂದೂ ನೋಡಿರಲಿಲ್ಲ. ಆದರೆ ಅದೇ ಹೊತ್ತಿನಲ್ಲೂ ಅಪ್ಪ ಹೊರಗೆ ಕೇಳುವಂತೆ “ಬಂತು!” ಎಂದು ಖುಷಿಯಿಂದಲೇ ಕೂಗಿದ್ದರಲ್ಲ!

ಗಿರಗಿಟ್ಲೆಯ ಅಳು ಎಲ್ಲಿ ಹೋಯಿತೋ. ಅವಳು ಉಳಿದ ಫೋಟೋಗಳನ್ನೆಲ್ಲ ಮೆಲ್ಲಗೆ ಅಳಿಸಿದಳು. ಆಮೇಲೆ ತಿರುಗಿದಳು. ಅಪ್ಪ ಫೋನ್ ಕೈಗೆತ್ತಿಕೊಂಡಿದ್ದರು.

“ಅಪ್ಪಾ, ತಡಿ! ಒಂದ್ಸಲ ರಿಮೋಟ್ ಒಳಗೆ ನಾನು ನೋಡ್ಲಾ?”

“ನೀನು ನೋಡಿ ಏನ್ಮಾಡ್ತೀಯೇ?”

“ಸುಮ್ನೆ. ಒಂದೇ ಸಲ.”

ಅಪ್ಪ ರಿಮೋಟನ್ನು ಅವಳತ್ತ ಸರಿಸಿದರು. ಒಳಗೆ ಹಸಿರು ಸರ್ಕ್ಯೂಟ್ ಹಲಗೆ. ಅದರ ಅಂಚಿನಲ್ಲಿ ಸುರುಳಿ ಸುತ್ತಿದ ಸಣ್ಣ ತಂತಿ.

“ಈ ತಂತಿ ಏನು ಮಾಡತ್ತೆ ಅಪ್ಪಾ?”

“ಅದೇ ಆಂಟೆನಾ. ಗುಂಡಿ ಒತ್ತಿದ್ದನ್ನ ದೂರಕ್ಕೆ ಕೂಗಿ ಹೇಳೋದು ಅದೇ. ಅದು ಕಿತ್ತುಹೋಗಿತ್ತು, ನಾನೇ ಬೆಸುಗೆ ಹಾಕಿದೆ.”

ಗಿರಗಿಟ್ಲೆ ಮೂಗು ತಾಗುವಷ್ಟು ಬಗ್ಗಿದಳು. ಅಲ್ಲಾಡದೆ ನೋಡಿದಳು. ಹಲಗೆಯ ಮೇಲೆ ಬೆಳ್ಳಿಯ ಹನಿಯಂಥ ಬೆಸುಗೆ ಇತ್ತು. ತಂತಿಯ ತುದಿ ಅದರ ಪಕ್ಕದಲ್ಲಿ ನಿಂತಿತ್ತು. ಪಕ್ಕದಲ್ಲಿ, ಅಷ್ಟೇ.

“ಅಪ್ಪಾ, ತಂತಿ ಇದನ್ನ ಮುಟ್ಟೇ ಇಲ್ಲ!”

“ಮುಟ್ಟಿದೆ ಕಣೇ.”

“ಇಲ್ಲಪ್ಪ. ಮಧ್ಯೆ ಒಂದು ಕೂದಲಿನಷ್ಟು ಜಾಗ ಇದೆ. ನಂಗೆ ಕಾಣತ್ತೆ.”

ಅಪ್ಪ ಮಗಳ ಮುಖ ನೋಡಿದರು. ಮಗಳು ಕಣ್ಣು ತಗ್ಗಿಸಲಿಲ್ಲ, ನಗಲೂ ಇಲ್ಲ. ಅಪ್ಪ ಫೋನ್ ಕೆಳಗಿಟ್ಟು ಸೋಲ್ಡರಿಂಗ್ ಐರನ್ನಿನ ಸ್ವಿಚ್ ಹಾಕಿದರು.

“ಹಾಗಾದ್ರೆ ನೀನು ಹೇಳು. ನಾನು ಹಾಕ್ತೀನಿ.”

“ಎಡಕ್ಕೆ ಅಪ್ಪಾ… ಇನ್ನೂ ಎಡಕ್ಕೆ… ಅಯ್ಯೋ ಜಾಸ್ತಿಯಾಯ್ತು. ಒಂಚೂರು ಮೇಲೆ. ಅಲ್ಲೇ! ಅಲ್ಲೇ ಅಲ್ಲೇ!”

ತೆಳ್ಳಗೆ ಒಂದು ಹೊಗೆ ಎದ್ದಿತು. ಬೆಳ್ಳಿಯ ಹನಿ ಕರಗಿ ತಂತಿಯನ್ನು ತಬ್ಬಿಕೊಂಡಿತು. ಅಪ್ಪನ ಕೈ ಚೂರೂ ನಡುಗಲಿಲ್ಲ. ಅಂಥ ಕೈ ಬೀದಿಯಲ್ಲಿ ಬೇರೆ ಯಾರಿಗೂ ಇಲ್ಲ ಎಂದುಕೊಂಡಳು ಗಿರಗಿಟ್ಲೆ.

“ಓಡು!” ಎಂದರು ಅಪ್ಪ.

ಅವಳು ಓಡಿದಳು. ಇಪ್ಪತ್ತು ಹೆಜ್ಜೆ. ಬಂತು! ಇಪ್ಪತ್ತೈದು. ಬಂತು! ಇಪ್ಪತ್ತಾರರಲ್ಲಿ ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ ಒತ್ತಿದಳು.

“ಬಂತೂ!”

ಅಪ್ಪ ಬಾಗಿಲಿಗೇ ಬಂದು ನಿಂತಿದ್ದರು. ಅವಳು ಕುಣಿದಾಡಿದಳು. ಮೂವತ್ತೈದಾಯಿತು, ನಲವತ್ತಾಯಿತು. ಬೀದಿಯ ಗಲಾಟೆಯಲ್ಲಿ ಅಪ್ಪನ ಮಾತು ಕೇಳದಾಯಿತು. ಆಗ ಟೈಲರ್ ಅತ್ತೆ ಹೊಲಿಗೆ ಬಿಟ್ಟು ಹೊರಗೆ ಬಂದು ನಿಂತರು. ಅವರಿಂದಾಚೆ ಬೀಗ ರಿಪೇರಿ ತಾತ ಎದ್ದು ನಿಂತರು.

“ಬಂತು!” ಎಂದು ಅಪ್ಪ.

“ಬಂತಂತೆ!” ಎಂದು ಟೈಲರ್ ಅತ್ತೆ.

“ಬಂತಂತೆ ಕಣಮ್ಮೋ!” ಎಂದು ಬೀಗದ ತಾತ.

ಕ್ಷೌರದ ಅಂಗಡಿಯಿಂದ ಅರ್ಧ ಗಡ್ಡಕ್ಕೆ ಸೋಪಿನ ನೊರೆ ಮೆತ್ತಿಕೊಂಡಿದ್ದ ಒಬ್ಬರು ಗಾಬರಿಯಾಗಿ ಹೊರಗೆ ಬಂದರು. “ಏನು ಬಂತು? ಯಾರು ಬಂದ್ರು?”

“ಫೋಟೋ ಬಂತು! ನಿಮ್ದಲ್ಲ, ಒಳಗೆ ಹೋಗಿ!” ಎಂದರು ತಾತ.

ನಲವತ್ತೊಂಬತ್ತು. ಐವತ್ತು! ಒತ್ತಿದಳು. ಮೂರು ಬಾಯಿ ದಾಟಿ ಬಂದ ಉತ್ತರ ಅವಳಿಗೆ ಹಾಡಿನಂತೆ ಕೇಳಿತು. ಅವಳು ಅಲ್ಲಿಗೇ ನಿಲ್ಲಲಿಲ್ಲ. ಅರವತ್ತು. ಎಪ್ಪತ್ತು. ಅಲ್ಲಿ ಬೀದಿಯೇ ಮುಗಿದು ತಿರುವು ಬಂತು. ಅಲ್ಲಿಂದಲೂ ಒತ್ತಿದಳು.

ಅಪ್ಪ ಏನೋ ಜೋರಾಗಿ ಕೂಗಿದರು. ಮಾತು ಬಾಯಿಂದ ಬಾಯಿಗೆ ದಾಟಿ ಬೀಗದ ತಾತನವರೆಗೆ ಬಂತು.

“ಬಂತಂತೆ! ಇನ್ನೂ ಒಂದು ಹೇಳ್ತಿದ್ದಾರೆ ನಿಮ್ಮಪ್ಪ. ನಿನ್ನ ಎಡಗಾಲಿನ ಚಪ್ಪಲಿ ಪಟ್ಟಿ ಬಿಚ್ಚಿದೆಯಂತೆ. ಎಡವಿ ಬಿದ್ದೀಯ ಅಂತ!”

ಗಿರಗಿಟ್ಲೆ ಬಗ್ಗಿ ನೋಡಿಕೊಂಡಳು. ಹೌದು, ಪಟ್ಟಿ ಬಿಚ್ಚಿ ನೇತಾಡುತ್ತಿತ್ತು. ಅವಳು ಪಟ್ಟಿ ಹಾಕಿಕೊಳ್ಳುವುದನ್ನೂ ಮರೆತು ಅಂಗಡಿಯತ್ತ ನೋಡಿದಳು. ಬಾಗಿಲಲ್ಲಿ ಅಪ್ಪ ಹೆಬ್ಬೆರಳಿನಷ್ಟು ಚಿಕ್ಕವರಾಗಿ ಕಾಣುತ್ತಿದ್ದರು. ಎಪ್ಪತ್ತು ಹೆಜ್ಜೆ ಆಚೆಯಿಂದ ಅವರಿಗೆ ಚಪ್ಪಲಿಯ ಪಟ್ಟಿ ಕಂಡಿತ್ತು. ಕೈಯಲ್ಲೇ ಇದ್ದ ತಂತಿ ಕಂಡಿರಲಿಲ್ಲ. ಇದೆಂಥ ವಿಚಿತ್ರ!

ನಾಲ್ಕಕ್ಕೆ ಸರಿಯಾಗಿ ಹಕ್ಕಿ ಮೇಡಂ ಬಂದರು. ಬೀದಿಯ ತುದಿಯವರೆಗೆ ತಾವೇ ನಡೆದು ಹೋಗಿ ಗುಂಡಿ ಒತ್ತಿ ನೋಡಿದರು. ವಾಪಸು ಬರುವಾಗ ಅವರೂ ಅರ್ಧ ಓಡುತ್ತಲೇ ಬಂದರು.

“ಬದುಕಿಸಿದ್ರಿ! ನೀವು ಇನ್ಮೇಲೆ ರಿಪೇರಿ ತಗೊಳ್ಳಲ್ಲ ಅಂತ ಯಾರೋ ಹೇಳಿದ್ರು. ಸುಳ್ಳು ಅಂತ ನಾನೇ ಎಲ್ಲರಿಗೂ ಹೇಳ್ತೀನಿ!” ಕ್ಯಾಮೆರಾವನ್ನು ಮಗುವಿನ ಹಾಗೆ ಎದೆಗವಚಿಕೊಂಡು ಅವರು ಗೂಬೆ ಮರಿಗಳ ಕಡೆ ಹೊರಟೇಬಿಟ್ಟರು.

ಟೈಲರ್ ಅತ್ತೆ ಇನ್ನೂ ಬಾಗಿಲಲ್ಲೇ ಇದ್ದರು. “ಮೊದಲು ಕೆಟ್ಟಿತ್ತಲ್ಲ, ಏನಾಗಿತ್ತು ತಮ್ಮಾ?”

ಅಪ್ಪ ಮೇಜು ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಿದರು.

“ರಿಮೋಟಿನದೇನೂ ತಪ್ಪಿರಲಿಲ್ಲ ಅಕ್ಕಾ. ನಂಗೆ ಕಾಣಿಸ್ತಿರಲಿಲ್ಲ. ನಾಲ್ಕೈದು ತಿಂಗಳಾಯ್ತು. ಹತ್ತಿರದ್ದೆಲ್ಲ ಮಸುಕು ಮಸುಕು. ಕಣ್ಣೇ ಹೋದ್ರೆ ಈ ಕೆಲಸ ಏನು ಮಾಡೋದು ಅಂತ… ಯಾರಿಗೂ ಹೇಳಿರಲಿಲ್ಲ.”

ಗಿರಗಿಟ್ಲೆ ಉಸಿರಾಡದೆ ಕೇಳುತ್ತಿದ್ದಳು.

ಟೈಲರ್ ಅತ್ತೆ ಫಕ್ಕನೆ ನಕ್ಕುಬಿಟ್ಟರು. “ಅಷ್ಟೇನಾ! ನಾನು ಸೂಜಿಗೆ ದಾರ ಹೋಗ್ತಿಲ್ಲ ಅಂತ ಎರಡು ವರ್ಷ ಸೂಜಿ ಮಾಡಿದವನನ್ನೇ ಬೈಕೊಂಡು ಕೂತಿದ್ದೆ. ನಲವತ್ತು ದಾಟಿದ ಮೇಲೆ ಎಲ್ಲರಿಗೂ ಬರೋದೇ ಇದು. ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗು. ಈಗ ಇದನ್ನ ಹಾಕಿ ನೋಡು.”

ಅವರು ಕೊರಳಲ್ಲಿ ಗುಲಾಬಿ ದಾರಕ್ಕೆ ನೇತುಹಾಕಿದ್ದ ಕನ್ನಡಕವನ್ನು ತೆಗೆದುಕೊಟ್ಟರು. ಅಪ್ಪ ನಾಚಿಕೊಳ್ಳುತ್ತಾ ಹಾಕಿಕೊಂಡರು. ಬೇರೆ ಹೊತ್ತಿನಲ್ಲಾಗಿದ್ದರೆ ಗಿರಗಿಟ್ಲೆ ಬಿದ್ದು ಬಿದ್ದು ನಗುತ್ತಿದ್ದಳು. ಈಗ ಅಪ್ಪನ ಎದುರಿಗೆ ಹೋಗಿ ನಿಂತಳು.

ಅಪ್ಪ ಮೇಜನ್ನು ನೋಡಲಿಲ್ಲ, ಸ್ಕ್ರೂಗಳನ್ನೂ ನೋಡಲಿಲ್ಲ. ಮಗಳ ಗಲ್ಲ ಹಿಡಿದು ಮುಖವನ್ನು ಹತ್ತಿರಕ್ಕೆ ತಂದುಕೊಂಡರು.

“ಮೂಗಿನ ಪಕ್ಕ ಈ ಪುಟ್ಟ ಮಚ್ಚೆ ಯಾವಾಗ ಬಂತೇ?”

“ಬೇಸಿಗೆ ರಜೆಯಲ್ಲೇ ಬಂದಿತ್ತಪ್ಪ.”

“ಹೌದಾ,” ಎಂದರು ಅಪ್ಪ. ಕನ್ನಡಕದ ಹಿಂದೆ ಅವರ ಕಣ್ಣು ಎಂದಿಗಿಂತ ದೊಡ್ಡದಾಗಿ, ಒದ್ದೆಯಾಗಿ ಕಂಡಿತು. ಅವರು ಇನ್ನೂ ನೋಡುತ್ತಲೇ ಇದ್ದರು.

ಹೊರಗೆ ಗೆಳತಿಯರು ಆಟಕ್ಕೆ ಕರೆಯುತ್ತಿದ್ದರು. ಗಿರಗಿಟ್ಲೆ ಕದಲಲಿಲ್ಲ. ಅಪ್ಪ ಸಾಕಷ್ಟು ನೋಡಿ ಮುಗಿಸುವವರೆಗೂ ಮುಖವನ್ನು ಹಾಗೇ ಎತ್ತಿಕೊಂಡು ನಿಂತಿದ್ದಳು.